ಪ್ರೋಗ್ರಾಮ್ ಬಾಯಿಪಾಠ ಮಾಡಬ್ಯಾಡ ತಂಗಿ

“ಅಕ್ಕೋರ, ಈ ಪೈಥಾನ್ ಅನ್ನೂದು ಏನರ ಮಂತ್ರ ಅದನ್ರೀ? ನಮ್ಮಕಿ ನಸುಕಿನ್ಯಾಗ ಎದ್ದು ಒದರಾಕ ಸುರು ಮಾಡತಾಳ. ಫಾರ್ ಐ ಇನ್ ರೇಂಜ್, ಫಾರ್ ಐ ಇನ್ ರೇಂಜ್… ಕೇಳಿ ಕೇಳಿ ನನಗ ಬಾಯಿಗೆ ಬಂದಬಿಟ್ಟದ. ಆಕಿ ನೋಡಿದ್ರ ಇನ್ನೂ ಬಂದಿಲ್ಲವ್ವ ಅಂತಾಳ.”

ಕಂಪೌಂಡ್ ಗೋಡೆಯ ಆಚೆಯಿಂದ ವೈನಿ ಕೇಳಿದ ಮಾತಿದು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಮುಗಿಯಿತೆಂದರೆ ನಮ್ಮ ವಿಜಯಪುರದಲ್ಲಿ ಗೋಡೆಯ ಈಚೆ ಆಚೆ ನಡೆಯುವ ಮಾತೆಲ್ಲ ಪರೀಕ್ಷೆಗೇ ಬಂದು ನಿಲ್ಲುತ್ತದೆ. ಯಾರ ಮಗಳದು ಪಿಸಿಎಂಬಿ, ಯಾರ ಮಗನದು ಪಿಸಿಎಂಸಿ, ಪ್ರ್ಯಾಕ್ಟಿಕಲ್ ಯಾವಾಗ, ಟ್ಯೂಷನ್ನಿನ ಸರ್ ಯಾವ ಪ್ರಶ್ನೆ ಗ್ಯಾರಂಟಿ ಅಂದಿದ್ದಾರೆ, ಇದೇ ಸುದ್ದಿ. ವೈನಿಯ ಮಗಳದು ಎರಡನೇ ಪಿಯುಸಿ, ಪಿಸಿಎಂಸಿ. ಕೊನೆಯ ‘ಸಿ’ ಕಂಪ್ಯೂಟರ್ ಸೈನ್ಸಿನದು. ವೈನಿಯ ತವರು ತಿಕೋಟಾ, ಅಲ್ಲಿ ಅಣ್ಣನದು ದ್ರಾಕ್ಷಿ ಪಡ. ನಾದಿನಿಯ ಮಗನೊಬ್ಬ ಬಬಲೇಶ್ವರದಿಂದ ದಿನಾ ಬಸ್ಸಿಗೆ ಬಂದು ಇಲ್ಲೇ ಕಾಲೇಜು ಕಲಿಯುತ್ತಾನೆ, ಅವನದೂ ಇದೇ ಕಾಂಬಿನೇಷನ್. ಮಕ್ಕಳಿಗೆ ಪಾಠ ಹೇಳುವುದು ನನ್ನ ಕಸಬಾದ್ದರಿಂದ ಇಬ್ಬರೂ ಸಂಜೆ ಹೊತ್ತು ನೋಟ್‌ಬುಕ್ ಹಿಡಿದು ಈ ಗೋಡೆಯ ಹತ್ತಿರ ಬಂದು ನಿಲ್ಲುವುದುಂಟು.

“ಮಂತ್ರ ಆಗಿದ್ರ ಬಾಯಿಲೆ ಅಂದ್ರ ಸಾಕಿತ್ತು ವೈನಿ. ಇದನ್ನ ನಡೆಸಿ ನೋಡಬೇಕಾಗ್ತದ” ಅಂದೆ. ಆ ಮಾತು ಅಲ್ಲಿಗೇ ನಿಲ್ಲಲಿಲ್ಲ.

ಕಂಪ್ಯೂಟರ್ ಸೈನ್ಸ್ ನಮ್ಮ ಪಿಯು ಕಾಲೇಜುಗಳಿಗೆ ಹೊಸದೇನಲ್ಲ. ಮೊನ್ನೆ ಮೊನ್ನೆಯವರೆಗೆ ಮಕ್ಕಳು ಕಲಿಯುತ್ತಿದ್ದದ್ದು ಸಿ++. ಬಹಳ ಲ್ಯಾಬುಗಳಲ್ಲಿ ಅದಕ್ಕೆ ಟರ್ಬೊ ಸಿ++ ಎಂಬ ನೀಲಿ ಪರದೆಯ ಸಾಫ್ಟ್‌ವೇರ್ ಇರುತ್ತಿತ್ತು. ಬೋರ್ಲೆಂಡ್ ಕಂಪನಿ ಅದನ್ನು ಮೊದಲು ಹೊರತಂದದ್ದು 1990ರಲ್ಲಿ, ಅದರ ಮುಂದೆ ಕೂಡುತ್ತಿದ್ದ ಮಕ್ಕಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲು. ಈಗ ಎನ್‌ಸಿಇಆರ್‌ಟಿ ಪುಸ್ತಕ ಬಂದಿದೆ, ಅದರ ಜೊತೆ ಪೈಥಾನ್ ಬಂದಿದೆ. ಮೊದಲ ವರ್ಷ ಸಂಖ್ಯಾ ಪದ್ಧತಿ, ಷರತ್ತು, ಲೂಪ್, ಫಂಕ್ಷನ್, ಸ್ಟ್ರಿಂಗ್, ಲಿಸ್ಟ್. ಎರಡನೇ ವರ್ಷ ಫೈಲ್, ಸ್ಟ್ಯಾಕ್, ಕ್ಯೂ, ಸಾರ್ಟಿಂಗ್, ಸರ್ಚಿಂಗ್, ಡೇಟಾಬೇಸ್, ನೆಟ್‌ವರ್ಕ್. ಥಿಯರಿಗೆ 70 ಅಂಕ, ಪ್ರ್ಯಾಕ್ಟಿಕಲ್‌ಗೆ 30.

ಭಾಷೆ ಬದಲಾದದ್ದು ಒಳ್ಳೆಯದೇ ಆಯಿತು. ಪೈಥಾನನ್ನು 1991ರಲ್ಲಿ ಹೊರತಂದ ಗೀಡೊ ವಾನ್ ರೋಸಮ್ ಅದಕ್ಕೂ ಮೊದಲು ಆಮ್‌ಸ್ಟರ್‌ಡ್ಯಾಮಿನಲ್ಲಿ ಎಬಿಸಿ ಎಂಬ ಭಾಷೆಯ ಕೆಲಸದಲ್ಲಿದ್ದವರು. ಆ ಎಬಿಸಿ ಹುಟ್ಟಿದ್ದೇ ಹೊಸಬರಿಗೆ ಪ್ರೋಗ್ರಾಮಿಂಗ್ ಕಲಿಸುವುದಕ್ಕೆ. ಅದರ ಗುಣ ಪೈಥಾನಿಗೂ ಬಂದಿದೆ. ಸಿ++ನಲ್ಲಿ ‘ನಮಸ್ಕಾರ’ ಎಂದು ಪರದೆಯ ಮೇಲೆ ತರಲು ನಾಲ್ಕಾರು ಸಾಲು ಬೇಕಿತ್ತು, ಇಲ್ಲಿ ಒಂದು ಸಾಲು ಸಾಕು. ಆದರೆ ಭಾಷೆ ಬದಲಾದರೂ ಓದುವ ರೀತಿ ಬದಲಾಗಲಿಲ್ಲ. ಹಿಂದೆ ಸಿ++ ಪ್ರೋಗ್ರಾಮನ್ನು ಉರು ಹೊಡೆಯುತ್ತಿದ್ದ ಕಡೆ ಈಗ ಪೈಥಾನ್ ಪ್ರೋಗ್ರಾಮನ್ನು ಉರು ಹೊಡೆಯುತ್ತಿದ್ದಾರೆ.

ಉರು ಹೊಡೆದವರ ಕಷ್ಟ ಎಲ್ಲಿ ಗೊತ್ತಾಗುತ್ತದೆ ಅಂದರೆ, ಪ್ರಶ್ನೆಯಲ್ಲಿ ಒಂದೇ ಒಂದು ಅಂಕಿ ಬದಲಾದಾಗ. ಆ ದಿನ ತಂಗಿಯನ್ನು, ಅಂದರೆ ವೈನಿಯ ಮಗಳನ್ನು, ಕರೆದು ನೋಟ್‌ಬುಕ್ಕಿನಲ್ಲಿ ಸಣ್ಣದೊಂದು ಪ್ರೋಗ್ರಾಮ್ ಬರೆದುಕೊಟ್ಟೆ. ಮೊದಲ ಸಾಲು: ಮೊತ್ತ = 0. ಎರಡನೆಯದು: ಫಾರ್ ಐ ಇನ್ ರೇಂಜ್(1, 5). ಮೂರನೆಯದು, ಒಂದಿಷ್ಟು ಒಳಗೆ ಸರಿಸಿ: ಮೊತ್ತ = ಮೊತ್ತ + ಐ. ನಾಲ್ಕನೆಯದು, ಮತ್ತೆ ಅಂಚಿಗೆ: ಪ್ರಿಂಟ್(ಮೊತ್ತ). “ಏನು ಉತ್ತರ ಬರ್ತದ?” ಅಂದೆ.

“ಹದಿನೈದ್ರೀ” ಅಂದಳು ತಟ್ಟನೆ. ಒಂದರಿಂದ ಐದರವರೆಗೆ ಕೂಡಿಸಿದರೆ ಹದಿನೈದು ಆಗುತ್ತದೆ, ಲೆಕ್ಕ ಸರಿ. ಆದರೆ ಪ್ರೋಗ್ರಾಮ್ ಕೊಡುವ ಉತ್ತರ ಅದಲ್ಲ.

“ಈಗ ಎರಡು ಗೆರಿ ಹೊಡಿ. ಒಂದು ಕಡೆ ಐ, ಒಂದು ಕಡೆ ಮೊತ್ತ. ಮಷೀನ್ ಹೆಂಗ ಮಾಡತದ ಹಂಗ ಮಾಡು. ಮುಂದಿನ ಸಾಲು ನೋಡಬ್ಯಾಡ, ನಿಂತ ಸಾಲು ಅಷ್ಟ ನೋಡು.”

ಬರೆದಳು. ಐ ಒಂದಾದಾಗ ಮೊತ್ತ 1. ಐ ಎರಡಾದಾಗ ಮೊತ್ತ 3. ಮೂರಾದಾಗ 6. ನಾಲ್ಕಾದಾಗ 10. ಆಮೇಲೆ ಐದು ಬರೆಯಲು ಹೋಗಿ ಪೆನ್ ನಿಲ್ಲಿಸಿದಳು. ರೇಂಜ್(1, 5) ಅಂದರೆ ಒಂದರಿಂದ ಶುರು, ಐದು ಬಂತೆಂದರೆ ಬಂದ್. ಐದು ಒಳಗೆ ಬರುವುದಿಲ್ಲ. ಈ ಮಾತನ್ನು ಆಕೆ ಪುಸ್ತಕದಲ್ಲಿ ಓದಿದ್ದಳು, ಕ್ಲಾಸಿನಲ್ಲಿ ಕೇಳಿದ್ದಳು, ಬಾಯಿಪಾಠವನ್ನೂ ಮಾಡಿದ್ದಳು. ಆದರೆ ಅದು ಆಕೆಯದಾದದ್ದು ಐದನ್ನು ಬರೆಯದೆ ಕೈ ತಡೆದ ಆ ಗಳಿಗೆಯಲ್ಲಿ. “ಹತ್ತು, ಅಕ್ಕೋರ” ಅಂದಳು.

ಅಷ್ಟಕ್ಕೇ ಬಿಡದೆ ಕೊನೆಯ ಸಾಲನ್ನೂ ಒಳಗೆ ಸರಿಸಿ ಬರೆದೆ. ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ. ಒಳಗೆ ಸರಿದ ಸಾಲು ಲೂಪಿನ ಪಾಲು. ಈಗ ಪ್ರತಿ ಸುತ್ತಿಗೂ ಪ್ರಿಂಟ್ ಆಗುತ್ತದೆ: 1, 3, 6, 10, ಒಂದೊಂದೂ ಒಂದೊಂದು ಸಾಲಿನಲ್ಲಿ. ಅಕ್ಷರ ಒಂದೂ ಬದಲಾಗಿಲ್ಲ, ಜಾಗ ಮಾತ್ರ ಬದಲಾಗಿದೆ, ಉತ್ತರ ಬೇರೆ. ಪರೀಕ್ಷೆಯಲ್ಲಿ ‘ಈ ಪ್ರೋಗ್ರಾಮಿನ ಔಟ್‌ಪುಟ್ ಬರೆಯಿರಿ’ ಎಂದು ಕೇಳುವುದು ಇಂಥದನ್ನೇ. ಹೀಗೆ ಎರಡು ಗೆರೆಯ ಪಟ್ಟಿ ಹಾಕಿ ನಡೆಸುವುದನ್ನು ಕಂಪ್ಯೂಟರಿನವರು ಡ್ರೈ ರನ್ ಅನ್ನುತ್ತಾರೆ. ಕಂಪ್ಯೂಟರ್ ಇಲ್ಲದೆ, ಕಾಗದದ ಮೇಲೆ ಕೈಯಿಂದ ಪ್ರೋಗ್ರಾಮ್ ನಡೆಸುವುದು.

“ಹಂಗಾರ ಕಂಪ್ಯೂಟರ್ ಬ್ಯಾಡೇನ್ರಿ? ಲ್ಯಾಪ್‌ಟಾಪ್ ಕೊಡಸ್ರಿ ಅಂತ ದಿನಾ ಜಗಳ ತಗೀತಾಳ” ಅಂದರು ವೈನಿ.

ಇದ್ದರೆ ಒಳ್ಳೆಯದು. ಬರೆದದ್ದನ್ನು ಓಡಿಸಿ, ತಪ್ಪು ತೋರಿಸಿದ ಕಡೆ ತಿದ್ದಿ, ಮತ್ತೆ ಓಡಿಸುವುದು ಬೇಕೇ ಬೇಕು. ಅದಕ್ಕೇ ಲ್ಯಾಬ್ ಇದೆ, ಪ್ರ್ಯಾಕ್ಟಿಕಲ್ ಇದೆ. ಮನೆಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನಲ್ಲೂ ಪೈಥಾನ್ ಓಡುತ್ತದೆ. ಆದರೆ ಲ್ಯಾಪ್‌ಟಾಪ್ ಬಂದ ಮೇಲೆಯೇ ಕಲಿಯುತ್ತೇನೆ ಅನ್ನುವುದರಲ್ಲಿ ಅರ್ಥವಿಲ್ಲ. ಪ್ರೋಗ್ರಾಮಿಂಗಿನ ಚರಿತ್ರೆಯೇ ಕಂಪ್ಯೂಟರ್ ಇಲ್ಲದೆ ಶುರುವಾಗಿದೆ. ಇಂಗ್ಲೆಂಡಿನ ಏಡಾ ಲವ್‌ಲೇಸ್ 1843ರಲ್ಲಿ ಚಾರ್ಲ್ಸ್ ಬ್ಯಾಬೇಜರ ಅನಲಿಟಿಕಲ್ ಎಂಜಿನ್ ಕುರಿತು ಟಿಪ್ಪಣಿಗಳನ್ನು ಬರೆದಳು. ಆ ಯಂತ್ರ ಪೂರ್ತಿಯಾಗಿ ಕಟ್ಟಿ ನಿಂತದ್ದೇ ಇಲ್ಲ. ಆದರೂ ಬರ್ನೂಲಿ ಸಂಖ್ಯೆಗಳನ್ನು ಅದು ಹೇಗೆ ಲೆಕ್ಕ ಹಾಕಬೇಕು ಎಂದು ಆಕೆ ಒಂದು ದೊಡ್ಡ ಪಟ್ಟಿ ಮಾಡಿದಳು: ಎಡಕ್ಕೆ 25 ಹೆಜ್ಜೆಗಳು, ಬಲಕ್ಕೆ ಒಂದೊಂದು ಹೆಜ್ಜೆಗೂ ಯಾವ ಚರದಲ್ಲಿ ಏನು ಕೂತಿದೆ ಎಂಬ ಲೆಕ್ಕ. ಜಗತ್ತಿನ ಮೊದಲ ಪ್ರೋಗ್ರಾಮ್ ಎಂದು ಬಹಳ ಜನ ಹೇಳುವುದು ಆ ಪಟ್ಟಿಯನ್ನೇ. ನಮ್ಮ ತಂಗಿ ಗೋಡೆಯ ಮೇಲೆ ನೋಟ್‌ಬುಕ್ ಇಟ್ಟು ಎರಡು ಗೆರೆ ಎಳೆದು ಬರೆದದ್ದೂ ಅದೇ ಜಾತಿಯ ಪಟ್ಟಿ. ಅದನ್ನು ಕೇಳಿ ಆಕೆಯ ಮುಖ ಅರಳಿತು. ಒಂದು ಹುಡುಗಿಗೆ ಈ ವಿದ್ಯೆ ತನ್ನದು ಅನ್ನಿಸಲು ಇಂಥ ಹೆಸರೊಂದು ಗೊತ್ತಿರಬೇಕು.

ಬಬಲೇಶ್ವರದ ಹುಡುಗನ ತೊಂದರೆ ಬೇರೆ. ಅವನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸಿಗೆ ಬಂದೊಡನೆ ಎಲ್ಲ ಇಂಗ್ಲಿಷಿನಲ್ಲಿ. ಗಣಿತದಲ್ಲಿ ಅಂಕಿಗಳಾದರೂ ಗುರುತಿನವು. ಇಲ್ಲಿ ವೇರಿಯಬಲ್, ಇಟರೇಶನ್, ಆರ್ಗ್ಯುಮೆಂಟ್, ಒಂದೊಂದು ಶಬ್ದವೂ ಅಡ್ಡ ನಿಂತ ಹಾಗೆ. “ಅಕ್ಕೋರ, ನನಗ ಪ್ರೋಗ್ರಾಮ್ ತಿಳೀವಲ್ದೋ ಇಂಗ್ಲಿಷ್ ತಿಳೀವಲ್ದೋ ಅದ ತಿಳೀವಲ್ದು” ಅಂದ ಒಮ್ಮೆ. ಎಷ್ಟು ಖರೆ ಮಾತು! ನಮ್ಮ ಜಿಲ್ಲೆಯ ಹಳ್ಳಿಗಳಿಂದ ಬರುವ ಎಷ್ಟು ಮಕ್ಕಳ ಮಾತು ಅದು!

ಅವನಿಗೆ ನಾನು ಹೇಳಿದ್ದು: ಮೊದಲು ಕನ್ನಡದಲ್ಲಿ ಬರಿ. ಹೆಜ್ಜೆ ಒಂದು, ಹೆಜ್ಜೆ ಎರಡು ಎಂದು ನಿನ್ನ ಮಾತಿನಲ್ಲೇ ಬರಿ. ‘ಮೊದಲನೇ ಸಂಖ್ಯಾನ ದೊಡ್ಡದು ಅಂತ ಹಿಡಿ. ಉಳಿದವನ್ನ ಒಂದೊಂದ ನೋಡಕೋತ ಹೋಗು. ಹಿಡಿದದ್ದಕ್ಕಿಂತ ದೊಡ್ಡದು ಸಿಕ್ಕರ ಅದನ್ನ ಹಿಡಿ. ಮುಗಿದ ಮ್ಯಾಲ ಹಿಡಿದದ್ದನ್ನ ಹೇಳು.’ ಲಿಸ್ಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಹುಡುಕುವ ಅಲ್ಗಾರಿದಮ್ ಪೂರ್ತಿ ಬಂತಲ್ಲ. ಇನ್ನು ಈ ಒಂದೊಂದು ಸಾಲಿಗೂ ಒಂದೊಂದು ಪೈಥಾನ್ ಸಾಲು ಹೊಂದಿಸುವುದಷ್ಟೇ ಬಾಕಿ. ವಿಚಾರ ತಾಯಿ ಮಾತಿನಲ್ಲಿ ಆಗಲಿ, ಬರವಣಿಗೆ ಪೈಥಾನಿನಲ್ಲಿ ಆಗಲಿ.

ಕನ್ನಡದಲ್ಲಿ ಇಂಥ ವಿಚಾರ ಆಗುವುದಿಲ್ಲ ಅನ್ನುವವರು ಹಳೆಯದನ್ನು ಒಮ್ಮೆ ನೋಡಬೇಕು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ. ಅದಾಗಿ ಮೂರು ಶತಮಾನದ ಹೊತ್ತಿಗೆ ಪೂವಿನಬಾಗೆಯ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಆ ಪೂವಿನಬಾಗೆ ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗವೆಂದು ವಿದ್ವಾಂಸರು ಗುರುತಿಸುತ್ತಾರೆ, ಅಂದರೆ ನಮ್ಮ ನೆರೆಯದೇ ಸೀಮೆ. ಲೆಕ್ಕದ ರೀತಿಯನ್ನು, ಸೂತ್ರವನ್ನು, ಉದಾಹರಣೆಯನ್ನು ಹನ್ನೆರಡನೇ ಶತಮಾನದಲ್ಲೇ ಹೊತ್ತ ಭಾಷೆಗೆ ನಾಲ್ಕು ಸಾಲಿನ ಲೂಪ್ ಭಾರವಾದೀತೆ?

ಪೈಥಾನಿಗೂ ಕನ್ನಡ ಅನ್ಯವಲ್ಲ. ಮೇಲೆ ನಾನು ‘ಮೊತ್ತ’ ಎಂದು ಬರೆದೆನಲ್ಲ, ಅದನ್ನು ಕನ್ನಡ ಲಿಪಿಯಲ್ಲೇ ಟೈಪ್ ಮಾಡಿದರೂ ಇಂದಿನ ಪೈಥಾನ್ ಒಪ್ಪುತ್ತದೆ. ಫಾರ್, ಪ್ರಿಂಟ್ ಮುಂತಾದ ಅದರ ಸ್ವಂತ ಶಬ್ದಗಳು ಇಂಗ್ಲಿಷಿನಲ್ಲೇ ಇರಬೇಕು, ಆದರೆ ನಾವು ಇಡುವ ಹೆಸರು ಕನ್ನಡದಲ್ಲಿ ಇರಬಹುದು. ಪರೀಕ್ಷೆಯಲ್ಲಿ ಇಂಗ್ಲಿಷ್ ಹೆಸರನ್ನೇ ಬರೆಯಲಿ, ಮನೆಯಲ್ಲಿ ಕಲಿಯುವಾಗ ‘ಮೊತ್ತ’, ‘ದೊಡ್ಡದು’, ‘ಎಣಿಕೆ’ ಎಂದು ಇಟ್ಟುಕೊಂಡು ನೋಡಲಿ. ಯಾವುದು ಪೈಥಾನಿನ ಶಬ್ದ, ಯಾವುದು ನಾವಿಟ್ಟ ಹೆಸರು ಎಂಬುದು ಕಣ್ಣಿಗೆ ಹೊಡೆದು ಕಾಣುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿದ್ದಾಗ ಹೊಸಬರಿಗೆ ಈ ಎರಡೂ ಕಲಸಿಹೋಗುತ್ತವೆ.

ಇನ್ನೂ ಒಂದನ್ನು ಆ ಹುಡುಗನ ಮೊಬೈಲಿನಲ್ಲಿ ಮಾಡಿಸಿದೆ. ಪೈಥಾನಿಗೆ ‘ಲೆನ್’ ಎಂಬ ಫಂಕ್ಷನ್ ಇದೆ, ಕೊಟ್ಟ ಸ್ಟ್ರಿಂಗಿನಲ್ಲಿ ಎಷ್ಟು ಅಕ್ಷರ ಎಂದು ಎಣಿಸುತ್ತದೆ. “ವಿಜಯಪುರ ಅಂತ ಕೊಡು. ಎಷ್ಟು ಬರಬೇಕು?” “ವಿ, ಜ, ಯ, ಪು, ರ. ಐದ್ರೀ.” ಓಡಿಸಿದ. 7 ಬಂತು. “ಬಬಲೇಶ್ವರ?” “ಅದೂ ಐದ.” ಬಂದದ್ದು 8. “ತಿಕೋಟಾ?” ಮೂರರ ಬದಲು 6. ಹುಡುಗ ಮೊಬೈಲು ಕೆಟ್ಟಿದೆ ಅಂದುಕೊಂಡ. ಕೆಟ್ಟಿಲ್ಲ. ಯೂನಿಕೋಡಿನಲ್ಲಿ ‘ವ’ ಒಂದು, ಅದಕ್ಕೆ ಹಚ್ಚಿದ ಗುಡಿಸು ಬೇರೆ ಒಂದು. ‘ಪ’ ಒಂದು, ಕೊಂಬು ಒಂದು. ‘ಶ್ವ’ದಲ್ಲಂತೂ ಶ, ಅರ್ಧಾಕ್ಷರದ ಚಿಹ್ನೆ, ವ ಎಂದು ಮೂರು. ಕನ್ನಡಕ್ಕೆ ಯೂನಿಕೋಡಿನಲ್ಲಿ 128 ಸ್ಥಾನಗಳ ಒಂದು ಪಾಲಿದೆ. ‘ಅ’ದ ಸಂಖ್ಯೆ 3205, ‘ಆ’ದ್ದು 3206, ‘ಇ’ಯದು 3207. ಕಂಪ್ಯೂಟರಿಗೆ ಗೊತ್ತಿರುವುದು ಆ ಸಂಖ್ಯೆಗಳು ಮಾತ್ರ.

ಮೊದಲ ವರ್ಷದ ಪುಸ್ತಕದಲ್ಲಿ ಎನ್‌ಕೋಡಿಂಗ್ ಎಂಬ ಅಧ್ಯಾಯವಿದೆ. ಆಸ್ಕಿ, ಇಸ್ಕಿ, ಯೂನಿಕೋಡ್ ಎಂದು ಮೂರು ಹೆಸರು, ಮೂರು ವ್ಯಾಖ್ಯೆ. ಮಕ್ಕಳು ಅದನ್ನು ಎರಡು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿ ಬಿಟ್ಟುಬಿಡುತ್ತಾರೆ. ತನ್ನೂರಿನ ಹೆಸರು ಎಂಟಾಗಿ ಒಡೆದದ್ದನ್ನು ಕಣ್ಣಾರೆ ಕಂಡ ಹುಡುಗ ಆ ಅಧ್ಯಾಯ ಮರೆಯುವುದು ಸಾಧ್ಯವಿಲ್ಲ. ಅವನು ಮನೆಗೆ ಹೋಗುವ ಬಸ್ಸಿನಲ್ಲಿ ದಾರಿಯ ಊರುಗಳ ಹೆಸರನ್ನೆಲ್ಲ ಒಂದೊಂದಾಗಿ ಕೊಟ್ಟು ನೋಡಿದನಂತೆ. ಮೊದಲು ಬೆರಳಿನಿಂದ ಎಣಿಸಿ, ಆಮೇಲೆ ಓಡಿಸಿ, ಎರಡೂ ತಾಳೆಯಾಗುವವರೆಗೆ. ಇದಕ್ಕಿಂತ ಒಳ್ಳೆಯ ಓದು ಯಾವುದು?

ಸಂಖ್ಯಾ ಪದ್ಧತಿಗೆ ಬಂದಾಗ ವೈನಿಯ ಅತ್ತೆ ಮಾತಿಗೆ ಕೂಡಿಕೊಂಡರು. ಅವರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳುತ್ತಲೇ ಇದ್ದರು. ತಂಗಿ ಬೈನರಿ ಪರಿವರ್ತನೆ ಮಾಡುತ್ತ, “ಹದಿಮೂರು ಅಂದ್ರ 1101 ಹೆಂಗಾತ್ರೀ?” ಎಂದು ಕೇಳಿದ್ದಳು. ನಾನು ಅತ್ತೆಯನ್ನೇ ಕೇಳಿದೆ: “ಆಯಿ, ಹಿಂದಕ ಅಂಗಡ್ಯಾಗ ಹದಿಮೂರು ಛಟಾಕು ಬೆಲ್ಲ ಹೆಂಗ ತೂಗತಿದ್ರು?”

“ಹೆಂಗಂದ್ರ? ಅಚ್ಚೇರಿಂದೊಂದು ಕಲ್ಲು, ಪಾವಶೇರಿಂದೊಂದು, ಛಟಾಕಿಂದೊಂದು. ಮೂರೂ ಇಟ್ಟು ತೂಗತಿದ್ರು.”

ಅಷ್ಟೇ ಲೆಕ್ಕ. ಸೇರಿಗೆ ಹದಿನಾರು ಛಟಾಕು. ಅಚ್ಚೇರು ಎಂಟು, ಪಾವಶೇರು ನಾಲ್ಕು, ಅರ್ಧಪಾವು ಎರಡು, ಛಟಾಕು ಒಂದು. ಈ ನಾಲ್ಕು ಕಲ್ಲು ಒಂದೊಂದೇ ಇದ್ದರೂ ಒಂದರಿಂದ ಹದಿನೈದು ಛಟಾಕಿನವರೆಗೆ ಏನು ಬೇಕಾದರೂ ತೂಗಬಹುದು. ತಕ್ಕಡಿಗೆ ಇಟ್ಟ ಕಲ್ಲಿಗೆ 1, ಇಡದ ಕಲ್ಲಿಗೆ 0 ಬರೆಯಿರಿ. ಅಚ್ಚೇರು ಇಟ್ಟರು, ಪಾವಶೇರು ಇಟ್ಟರು, ಅರ್ಧಪಾವು ಇಡಲಿಲ್ಲ, ಛಟಾಕು ಇಟ್ಟರು: 1101. ಹದಿನೈದೆಂದರೆ ನಾಲ್ಕೂ ಕಲ್ಲು, 1111. ಹದಿನಾರು ಬಂತೆಂದರೆ ಸೇರಿನ ಕಲ್ಲು ಒಂದೇ ಸಾಕು, ಉಳಿದವೆಲ್ಲ ಕೆಳಗೆ: 10000. ರೂಪಾಯಿಗೂ ಹದಿನಾರೇ ಆಣೆ ಇತ್ತು, 1957ರಲ್ಲಿ ದಶಮಾಂಶದ ನಾಣ್ಯ ಬರುವವರೆಗೆ. ಹದಿನಾರರ ಲೆಕ್ಕವನ್ನು ಇಂದಿನ ಪುಸ್ತಕ ಹೆಕ್ಸಾಡೆಸಿಮಲ್ ಅನ್ನುತ್ತದೆ. ಆಯಿಗೆ ಹೆಕ್ಸಾಡೆಸಿಮಲ್ ಅಂದರೆ ಗೊತ್ತಿಲ್ಲ, ಆದರೆ ಹದಿನಾರರ ಲೆಕ್ಕ ಅವರಿಗೆ ಬೆರಳ ತುದಿಯಲ್ಲಿದೆ. ಮೊಮ್ಮಗಳು ಆ ಸಂಜೆ ಅಜ್ಜಿಗೆ ಒಂದೊಂದೇ ತೂಕ ಹೇಳಿ ಕಲ್ಲು ಕೇಳುತ್ತ, ಒಂದರಿಂದ ಹದಿನೈದರವರೆಗೆ ಬೈನರಿ ಬರೆದು ಮುಗಿಸಿದಳು.

ತಿಕೋಟಾದ ಸುದ್ದಿ ಬಂದದ್ದು ಇನ್‌ಪುಟ್ ಪಾಠಕ್ಕೆ. ಅಥಣಿ ರಸ್ತೆ ಹಿಡಿದು ಆ ಕಡೆ ಹೋದರೆ ದ್ರಾಕ್ಷಿ ಪಡ, ಒಣದ್ರಾಕ್ಷಿಯ ಶೆಡ್ಡು ಸಾಲಾಗಿ ಕಾಣುತ್ತವೆ. ಹಸಿ ದ್ರಾಕ್ಷಿ ಸುಮಾರು ನಾಲ್ಕು ಕಿಲೋ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ತಂಗಿಗೆ ಹೇಳಿದೆ: “ನಿಮ್ಮ ಮಾಮಾಂದು ಎರಡು ಶೆಡ್ಡು ಅಂತ ಹಿಡಿ. ಒಂದರಾಗ 120 ಕಿಲೋ, ಇನ್ನೊಂದರಾಗ 130. ಎರಡೂ ಕೇಳಿ ಕೂಡಿಸು.” ಬರೆದಳು, ಓಡಿಸಿದಳು. ಪರದೆಯ ಮೇಲೆ ಬಂದದ್ದು 120130.

“ಯವ್ವಾ! ಒಂದು ಲಕ್ಷದ ಇಪ್ಪತ್ತು ಸಾವಿರ ಕಿಲೋ! ಅಣ್ಣಗ ಹೇಳ್ತೀನಿ ತಡಿ” ಅಂದರು ವೈನಿ ನಗುತ್ತ.

ಪೈಥಾನಿನಲ್ಲಿ ಇನ್‌ಪುಟ್‌ನಿಂದ ಬಂದದ್ದೆಲ್ಲ ಸ್ಟ್ರಿಂಗ್. ನಾವು 120 ಎಂದು ಒತ್ತಿದರೂ ಅದು ಅದನ್ನು ಒಂದು, ಎರಡು, ಸೊನ್ನೆ ಎಂಬ ಮೂರು ಅಕ್ಷರಗಳಾಗಿ ಇಟ್ಟುಕೊಳ್ಳುತ್ತದೆ. ಎರಡು ಸ್ಟ್ರಿಂಗುಗಳ ನಡುವೆ ಕೂಡಿಸುವ ಚಿಹ್ನೆ ಇಟ್ಟರೆ ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸುತ್ತದೆ. ‘ಇಂಟ್’ ಎಂದು ಸುತ್ತಿ ಸಂಖ್ಯೆ ಮಾಡಿಕೊಂಡ ಮೇಲೆಯೇ 250 ಬರುತ್ತದೆ. ಆಮೇಲೆ ಆ 250 ಕಿಲೋವನ್ನು ಹದಿನೈದು ಹದಿನೈದು ಕಿಲೋದ ಬಾಕ್ಸಿಗೆ ತುಂಬಿದರೆ ಎಷ್ಟು ಬಾಕ್ಸು, ಉಳಿದದ್ದೆಷ್ಟು ಎಂದು ಕೇಳಿದೆ. ಎರಡು ಓರೆ ಗೆರೆಯ ಭಾಗಾಕಾರ 16 ಎಂದಿತು, ಶೇಕಡಾ ಚಿಹ್ನೆ ಶೇಷ 10 ಎಂದಿತು. ಹದಿನಾರು ಬಾಕ್ಸು ತುಂಬಿ ಹತ್ತು ಕಿಲೋ ಮಿಕ್ಕಿತು. ಒಂದೇ ಓರೆ ಗೆರೆ ಹಾಕಿದ್ದರೆ 16.666… ಬಾಕ್ಸು ಅನ್ನುತ್ತಿತ್ತು, ಅಂಥ ಬಾಕ್ಸನ್ನು ಯಾವ ಹಮಾಲ ಹೊತ್ತಾನು? ಮೂರು ಚಿಹ್ನೆಗೆ ಮೂರು ಕೆಲಸ ಏಕೆ ಬೇಕು ಎಂಬುದು ಮಾಮಾನ ಶೆಡ್ಡಿನಿಂದ ತಿಳಿಯಿತು. ಪುಸ್ತಕದ ‘ಎ’ ಮತ್ತು ‘ಬಿ’ಯಿಂದ ತಿಳಿದಿರಲಿಲ್ಲ.

ಸರ್ಚಿಂಗ್ ಪಾಠವೂ ಹೀಗೇ ಕೈಗೆ ಸಿಗುವಂಥದು. ಸಾವಿರ ಹೆಸರು ಅಕಾರಾದಿಯಾಗಿ ಇರುವ ಪಟ್ಟಿಯಲ್ಲಿ ಒಂದು ಹೆಸರು ಬೇಕು. ಮೊದಲಿನಿಂದ ಒಂದೊಂದೇ ನೋಡುತ್ತ ಹೋದರೆ ಸಾವಿರದವರೆಗೂ ನೋಡಬೇಕಾಗಬಹುದು. ನಟ್ಟನಡುವೆ ತೆರೆದು, ಬೇಕಾದದ್ದು ಹಿಂದಿದೆಯೋ ಮುಂದಿದೆಯೋ ಎಂದು ನೋಡಿ, ಬೇಡದ ಅರ್ಧವನ್ನು ಬಿಟ್ಟುಬಿಟ್ಟರೆ? ಸಾವಿರ ಐನೂರಾಗುತ್ತದೆ, ಐನೂರು ಇನ್ನೂರೈವತ್ತು. ಹತ್ತು ಸಲ ನೋಡುವುದರೊಳಗೆ ಹೆಸರು ಸಿಗುತ್ತದೆ, ಇಲ್ಲವೇ ಇಲ್ಲ ಎಂದು ಖಾತ್ರಿಯಾಗುತ್ತದೆ. ಆದರೆ ಪಟ್ಟಿ ಮೊದಲೇ ಕ್ರಮದಲ್ಲಿರಬೇಕು. ಪುಸ್ತಕದಲ್ಲಿ ಸಾರ್ಟಿಂಗ್ ಆದ ಮೇಲೆ ಸರ್ಚಿಂಗ್ ಬರುವುದು ಸುಮ್ಮನೆ ಅಲ್ಲ. ಇದು ಗೊತ್ತಾದವರಿಗೆ ಎರಡು ಅಧ್ಯಾಯ ಒಂದೇ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ ವೈನಿ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟರು. “ಅಕ್ಕೋರ, ಸಿಇಟಿಯೊಳಗ ಕಂಪ್ಯೂಟರ್ ಸೈನ್ಸ್ ಪೇಪರೇ ಇಲ್ಲಂತ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಓದಿದ್ರ ಸಾಕು, ಇದು ಪಾಸಾದ್ರ ಆತು ಅಂತಾರ ಎಲ್ಲಾರೂ. ಮತ್ತ ಈಗ ಚಾಟ್‌ಜಿಪಿಟಿಗಿ ಕೇಳಿದ್ರ ಅದ ಪ್ರೋಗ್ರಾಮ್ ಬರದು ಕೊಡತದಂತ. ಯಾಕಿಷ್ಟು ತ್ರಾಸು?”

ಎರಡೂ ಸರಿಯಾದ ಪ್ರಶ್ನೆಗಳೇ. ಸಿಇಟಿಯಲ್ಲಿ ಈ ಪೇಪರ್ ಇಲ್ಲ, ನಿಜ. ಆದರೆ ನಮ್ಮ ಊರಿನ ಮಕ್ಕಳಿಗೆ ಆಸೆ ಯಾವುದರ ಮೇಲೆ? ಫ.ಗು. ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಇಲ್ಲೇ ಇದೆ. ಅಲ್ಲಿಗೋ ಬೆಂಗಳೂರಿಗೋ ಹೋದರೂ ಬಹಳ ಮಂದಿ ಕೇಳುವುದು ಕಂಪ್ಯೂಟರ್ ಸೈನ್ಸ್ ಸೀಟನ್ನೇ. ಸೀಟಿನ ಮೇಲೆ ಆಸೆ ಇದ್ದು ವಿಷಯದ ಮೇಲೆ ಇಲ್ಲದಿದ್ದರೆ ಮುಂದಿನ ನಾಲ್ಕು ವರ್ಷ ಆ ಮಗು ಹೇಗೆ ಕಳೆಯಬೇಕು? ಸಿವಿಲ್ಲಿಗೆ, ಮೆಕ್ಯಾನಿಕಲ್ಲಿಗೆ, ಬಿಎಸ್‌ಸಿಗೆ ಹೋದರೂ ಇಂದು ಒಂದಿಷ್ಟು ಪ್ರೋಗ್ರಾಮಿಂಗ್ ಬೇಕು. ಅದರ ಬುನಾದಿ ಬೀಳುವುದು ಈ ಎರಡು ವರ್ಷದಲ್ಲೇ.

ಚಾಟ್‌ಜಿಪಿಟಿ ಬರೆದುಕೊಡುತ್ತದೆ, ಅದೂ ನಿಜ. ಪರೀಕ್ಷೆಯ ಹಾಲಿನಲ್ಲಿ ಪೆನ್ನು ಮಾತ್ರ ಇರುತ್ತದೆ ಎಂಬುದು ಸಣ್ಣ ಉತ್ತರ. ದೊಡ್ಡ ಉತ್ತರ ಬೇರೆಯಿದೆ. ಅದು ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳುವವರು ಯಾರು? 120130 ಕಿಲೋ ಎಂದು ಪರದೆ ತೋರಿಸಿದಾಗ ‘ಇದು ಆಗೋ ಮಾತಲ್ಲ’ ಅನ್ನಬೇಕಾದವರು ನಾವೇ. ಯಂತ್ರ ಹೆಚ್ಚು ಹೆಚ್ಚು ಬರೆದಷ್ಟೂ, ಬರೆದದ್ದನ್ನು ಓದಿ, ಕಾಗದದ ಮೇಲೆ ನಡೆಸಿ, ಎಲ್ಲಿ ಹಾದಿ ತಪ್ಪಿದೆ ಎಂದು ಹಿಡಿಯುವವರ ಬೆಲೆ ಏರುತ್ತದೆ. ಡ್ರೈ ರನ್ ಕಲಿತ ಮಗು ಆ ಕೆಲಸಕ್ಕೆ ತಯಾರಾಗುತ್ತಿದೆ.

ಪರೀಕ್ಷೆಯ ಭಯವೂ ಇದರಿಂದಲೇ ಇಳಿಯುತ್ತದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮಾದರಿ ಪ್ರಶ್ನೆಪತ್ರಿಕೆಗಳನ್ನು ಪ್ರಕಟಿಸುತ್ತದೆ, ಅವನ್ನು ಎದುರಿಗಿಟ್ಟುಕೊಂಡು ಗಡಿಯಾರ ನೋಡಿ ಬರೆಯಲಿ. ವ್ಯಾಖ್ಯೆಗಳನ್ನು, ನೆಟ್‌ವರ್ಕಿನ ಹೆಸರುಗಳನ್ನು, ಎಸ್‌ಕ್ಯೂಎಲ್ ಆಜ್ಞೆಗಳ ರೂಪವನ್ನು ನೆನಪಿಡಲೇಬೇಕು, ಅದಕ್ಕೆ ಉರು ಹೊಡೆದರೂ ಅಡ್ಡಿಯಿಲ್ಲ. ಪ್ರೋಗ್ರಾಮನ್ನು ಮಾತ್ರ ನಡೆಸಿ ಕಲಿಯಲಿ: ಪುಸ್ತಕ ಮುಚ್ಚಿ ಬರೆಯಬೇಕು, ಪಟ್ಟಿ ಹಾಕಿ ನಡೆಸಬೇಕು, ಆಮೇಲೆ ಒಂದು ಅಂಕಿ ಬದಲಿಸಿ ಮತ್ತೆ ನಡೆಸಬೇಕು. ಪ್ರ್ಯಾಕ್ಟಿಕಲ್‌ನಲ್ಲಿ ಎಕ್ಸಾಮಿನರ್ ‘ಈ ಸಾಲು ತೆಗೆದರೆ ಏನಾಗುತ್ತದೆ?’ ಎಂದು ಕೇಳಿದಾಗ ಹೀಗೆ ಕಲಿತವರಿಗೆ ಬಾಯಿ ಕಟ್ಟುವುದಿಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ; ಒಂದರಲ್ಲಿ ಎಡವಿದರೆ ವರ್ಷವೇ ಹೋಯಿತು ಎಂದು ಎದೆ ಒಡೆದುಕೊಳ್ಳುವ ಕಾಲ ಈಗ ಇಲ್ಲ ಎಂಬುದನ್ನೂ ಮನೆಯವರು ಮಕ್ಕಳಿಗೆ ಹೇಳಬೇಕು.

“ನಮಗ ಓದಾಕ ಬರೂದಿಲ್ಲ, ನಾವೇನು ಹೇಳಿಕೊಡೂನು?” ಎಂದು ತಿಕೋಟಾ, ಬಬಲೇಶ್ವರದ ಎಷ್ಟೋ ತಾಯಿ ತಂದೆಯರು ಕೈಚೆಲ್ಲುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಪೈಥಾನ್ ನಿಮಗೆ ಬರಬೇಕಾಗಿಲ್ಲ. ಮಗು ಪ್ರೋಗ್ರಾಮ್ ಬರೆದು ಕೂತಾಗ ಪಕ್ಕದಲ್ಲಿ ಕೂತು ಮೂರು ಮಾತು ಕೇಳಿ. ‘ಈ ಸಾಲು ಏನು ಮಾಡತದ? ಈಗ ಅದರಾಗ ಎಷ್ಟದ? ಮುಂದ ಯಾವ ಸಾಲಿಗೆ ಹೋಗ್ತದ?’ ಉತ್ತರ ಸರಿಯೋ ತಪ್ಪೋ ನಿಮಗೆ ತಿಳಿಯದಿದ್ದರೂ ನಡೆಯುತ್ತದೆ. ತಿಳಿದದ್ದನ್ನು ಮಗು ಸರಾಗವಾಗಿ ಹೇಳುತ್ತದೆ, ತಿಳಿಯದ ಕಡೆ ತಡೆದು ನಿಲ್ಲುತ್ತದೆ. ಎಲ್ಲಿ ನಿಂತಿತು ಎಂಬುದು ನಿಮಗೂ ಕಾಣುತ್ತದೆ, ಅದಕ್ಕೂ ಕಾಣುತ್ತದೆ. ಮರುದಿನ ಕಾಲೇಜಿನಲ್ಲಿ ಅಕ್ಕೋರನ್ನೋ ಸರ್ ಅವರನ್ನೋ ಕೇಳಬೇಕಾದ ಪ್ರಶ್ನೆ ಅದೇ.